ಕಾಡುಕೋಳಿಯ ಗರಿ, ಕಾಗುಣಿತದ ಗಾಳ

ಬಣ್ಣಾರಿಯಿಂದ ದಿಂಬಂ ಘಾಟಿಯ 27 ತಿರುವುಗಳನ್ನು ಹತ್ತಿ ಹಾಸನೂರಿಗೆ ಬಂದರೆ ಗಾಳಿ ತಣ್ಣಗಾಗುತ್ತದೆ, ಮಾತು ಕನ್ನಡವಾಗುತ್ತದೆ. ಇದು ತಾಳವಾಡಿ ಬೆಟ್ಟಸೀಮೆ. ಜಿಲ್ಲೆ ಈರೋಡು, ರಾಜ್ಯ ತಮಿಳುನಾಡು, ಮನೆಮಾತು ಬಹುಪಾಲು ಕನ್ನಡ. ರಾಜ್‌ಕುಮಾರ್ ಅವರ ಗಾಜನೂರು ಇರುವುದು ಇಲ್ಲಿಯೇ. ಬೆಳಗಿನ ಜಾವ ಲಂಟಾನ ಪೊದೆಗಳ ಅಂಚಿನಿಂದ ಒಂದು ಹುಂಜ ಕೂಗುತ್ತದೆ. ಊರ ಹುಂಜದಂತೆ ರಾಗ ಎಳೆಯುವುದಿಲ್ಲ. ತುಂಡು ತುಂಡಾಗಿ ಕೂಗಿ ಥಟ್ಟನೆ ನಿಲ್ಲಿಸಿಬಿಡುತ್ತದೆ. ಅದು ಬೂದು ಕಾಡುಕೋಳಿ. ದಕ್ಷಿಣ ಮತ್ತು ಪಶ್ಚಿಮ ಭಾರತದ ಕಾಡುಗಳನ್ನು ಬಿಟ್ಟರೆ ಜಗತ್ತಿನ ಬೇರೆಲ್ಲೂ ಸಹಜವಾಗಿ ಸಿಗದ ಹಕ್ಕಿ.

ಈ ಹುಂಜದ ಕತ್ತಿನ ಗರಿಯನ್ನು ಹತ್ತಿರದಿಂದ ನೋಡಿದವರು ಮರೆಯುವುದಿಲ್ಲ. ಕಪ್ಪುಬೂದಿಯ ಗರಿಯ ಮೇಲೆ ಅರಗನ್ನು ತೊಟ್ಟಿಕ್ಕಿಸಿದಂತೆ ಹೊಳೆಯುವ ಚುಕ್ಕೆಗಳು. ಅಲ್ಲಿ ಗರಿಯ ಎಳೆಗಳು ಒಂದಕ್ಕೊಂದು ಬೆಸೆದು ತೆಳುವಾದ ತಗಡಿನಂತಾಗಿರುತ್ತವೆ. ನೀರಿನಲ್ಲಿ ಮುಳುಗಿಸಿದರೂ ಹೊಳಪು ಮಾಸುವುದಿಲ್ಲ. ಈ ಗುಣವೇ ಆ ಗರಿಯನ್ನು 19ನೇ ಶತಮಾನದಲ್ಲಿ ಹಡಗು ಹತ್ತಿಸಿತು. ಸ್ಕಾಟ್ಲೆಂಡಿನ ಹೊಳೆಗಳಲ್ಲಿ ಸಾಲ್ಮನ್ ಮೀನಿಗೆ ಗಾಳ ಹಾಕುವವರಿಗೆ ಅದು ಬೇಕಾಗಿತ್ತು. ಬರಿಯ ಕೊಕ್ಕೆಗೆ ರೇಷ್ಮೆ ದಾರ, ತಂತಿ, ತುಪ್ಪಳ, ಗರಿಗಳನ್ನು ಸುತ್ತಿ ಕಟ್ಟಿ, ಹುಳುವೋ ಮರಿಮೀನೋ ಎಂದು ಮೀನು ನಂಬುವಂತಹ ಹುಸಿ ಎರೆಯನ್ನು ಮಾಡುವುದು ಅವರ ಕೈಕಸುಬು. ಈ ಎರೆಗೆ ಅವರಿಟ್ಟ ಹೆಸರು ಫ್ಲೈ. 1850ರ ಸುಮಾರಿಗೆ ಹುಟ್ಟಿದ ‘ಜಾಕ್ ಸ್ಕಾಟ್’ ಎಂಬ ಹೆಸರಾಂತ ಫ್ಲೈಯ ಎರಡೂ ಬದಿಗಳಿಗೆ ನಮ್ಮ ಕಾಡುಕೋಳಿಯ ಗರಿಯೇ ಆಗಬೇಕು. ಜಾರ್ಜ್ ಕೆಲ್ಸನ್ 1895ರಲ್ಲಿ ಪ್ರಕಟಿಸಿದ ‘ದಿ ಸಾಲ್ಮನ್ ಫ್ಲೈ’ ಪುಸ್ತಕದ ತಯಾರಿಕೆಯ ವಿವರಗಳಲ್ಲಿ ಈ ಗರಿ ಮತ್ತೆ ಮತ್ತೆ ಬರುತ್ತದೆ. ಅಲ್ಲಿ ಅದರ ಹೆಸರು ‘ಜಂಗಲ್ ಕಾಕ್’.

ಈ ಕಸುಬಿನವರಿಗೆ ಗರಿಯಷ್ಟೇ ತಲೆಬಿಸಿ ತಂದದ್ದು ಕಾಗುಣಿತ. ಫ್ಲೈ ಕಟ್ಟುವವರನ್ನು ಇಂಗ್ಲಿಷಿನಲ್ಲಿ ಹೇಗೆ ಬರೆಯುವುದು? ಕಟ್ಟು ಎನ್ನುವುದಕ್ಕೆ ಟೈ. ಅದರಿಂದ ಆಗುವ ಪದವನ್ನು ಟಿ-ಐ-ಇ-ಆರ್ ಎಂದು ಬರೆದರೆ, ಸಾಲು, ಅಂತಸ್ತು ಎಂಬ ಅರ್ಥದ ‘ಟಿಯರ್’ ಪದವೂ ಅಕ್ಷರಕ್ಕೆ ಅಕ್ಷರ ಅದೇ. ಓದುವವರು ಒಂದು ಕ್ಷಣ ತಡವರಿಸುತ್ತಾರೆ. ಆದ್ದರಿಂದ ಹಲವರು ಟಿ-ವೈ-ಇ-ಆರ್ ಎಂದು ಬರೆಯುತ್ತಾರೆ. ಅದು ವ್ಯಾಕರಣಕ್ಕೆ ಒಗ್ಗದ ರೂಪ ಎಂದು ಮತ್ತೊಂದು ಪಂಗಡದ ತಕರಾರು. ಅಮೆರಿಕದಲ್ಲಿ 1978ರಲ್ಲಿ ಶುರುವಾದ ಪತ್ರಿಕೆ ‘ಫ್ಲೈ ಟೈಯರ್’ ತನ್ನ ಹೆಸರಿನಲ್ಲೇ ವೈ ಅಕ್ಷರವನ್ನು ಕೂರಿಸಿಕೊಂಡಿತು. ಕಸುಬಿನವರ ಕಣ್ಣಿಗೆ ಆ ರೂಪ ಒಗ್ಗಿಹೋಯಿತು. ಬ್ರಿಟಿಷರು ಈ ಜಗಳವನ್ನೇ ಬದಿಗಿಟ್ಟರು. ಅವರಿಗೆ ಹಳೆಯದೊಂದು ಪದವಿತ್ತು: ಕಟ್ಟುವವರಲ್ಲ, ‘ಡ್ರೆಸ್ಸರ್’, ಅಂದರೆ ಸಿಂಗರಿಸುವವರು. ಅಲ್ಲಿಯ ಸಂಘದ ಹೆಸರು ಇಂದಿಗೂ ಫ್ಲೈ ಡ್ರೆಸ್ಸರ್ಸ್ ಗಿಲ್ಡ್.

ಕನ್ನಡದವರಿಗೆ ಈ ತೊಡಕು ಹುಟ್ಟುವುದೇ ಇಲ್ಲ, ಏಕೆಂದರೆ ಕಟ್ಟು ಎಂಬ ಕ್ರಿಯಾಪದ ನಮ್ಮಲ್ಲಿ ಗಟ್ಟಿಯಾಗಿ ನಿಂತಿದೆ. ಘಾಟಿ ಇಳಿದರೆ ಸಿಗುವ ಸತ್ಯಮಂಗಲ ಮಲ್ಲಿಗೆಗೆ ಹೆಸರಾದ ಪೇಟೆ. ಮಲ್ಲಿಗೆಯ ಮೊಗ್ಗುಗಳನ್ನು ಎರಡೆರಡಾಗಿ ಎದುರುಬದುರು ಇಟ್ಟು, ದಾರವನ್ನು ಬೆರಳಿಗೆ ಸುತ್ತಿ, ಕುಣಿಕೆ ಹಾಕಿ, ಎಳೆದು ಬಿಗಿಯುವ ಹೆಂಗಸರನ್ನು ನೋಡಿ. ಕೊಕ್ಕೆಯ ಮೇಲೆ ಗರಿಯನ್ನಿಟ್ಟು ದಾರ ಸುತ್ತಿ ಕೊನೆಗೆ ಕುಣಿಕೆಯೊಳಗೆ ದಾರದ ತುದಿ ಅಡಗಿಸುವವನ ಕೈಯೂ ಇದೇ ಕೆಲಸ ಮಾಡುತ್ತದೆ. ಗಂಟು ಕಾಣಬಾರದು, ಮೊಗ್ಗು ನಲುಗಬಾರದು, ಗರಿ ಮುರಿಯಬಾರದು. ಹೂ ಕಟ್ಟುವವರು ಎನ್ನುವ ನಾಲಿಗೆಗೆ ಫ್ಲೈ ಕಟ್ಟುವವರು ಎನ್ನಲು ಯಾವ ಶ್ರಮವೂ ಇಲ್ಲ. ಇಲ್ಲಿ ಟೈಯರ್ ಎಂದು ಬರೆದು, ಅದು ಟೈಯರೋ ಟಯರೋ ಟಾಯರೋ ಎಂದು ಒದ್ದಾಡುವುದು ವ್ಯರ್ಥ. ಬಸ್ಸಿನ ಟಯರ್ ಎಂದು ಓದಿಕೊಳ್ಳುವ ಅಪಾಯ ಬೇರೆ.

ಹಾಗಾದರೆ ಫ್ಲೈಯನ್ನೂ ನೊಣ ಎಂದು ಬರೆಯಬಹುದಲ್ಲ? ಆಗದು. ಈ ಕಸುಬಿನಲ್ಲಿ ಫ್ಲೈ ಎಂದರೆ ನೊಣ ಮಾತ್ರವಲ್ಲ. ನೀರಿನ ಮೇಲೆ ಒಂದು ದಿನ ಹಾರಾಡಿ ಸಾಯುವ ಕೀಟ, ಕಲ್ಲಡಿಯ ಮರಿಹುಳು, ಸಿಗಡಿ, ಮಿಡತೆ, ಬೆರಳುದ್ದದ ಮೀನು, ಕೊನೆಗೆ ಯಾವುದನ್ನೂ ಹೋಲದ ಬಣ್ಣದ ಕುಚ್ಚು ಕೂಡ ಫ್ಲೈಯೇ. ನಮ್ಮ ನೊಣ ಬೆಲ್ಲದ ಮೇಲೆ ಕೂರುವ ನೊಣ. ಅದರ ಹೆಗಲ ಮೇಲೆ ಇಷ್ಟು ಭಾರ ಹೊರಿಸಲಾಗದು. ಹೆಸರು ಹೊರಗಿನದು, ಕೆಲಸ ಒಳಗಿನದು: ‘ಫ್ಲೈ ಕಟ್ಟು’ ಎನ್ನುವ ಈ ಕೂಡಿಕೆ ಕನ್ನಡಕ್ಕೆ ಹೊಸತೇನಲ್ಲ. ಬೈಕ್ ಓಡಿಸುತ್ತೇವೆ, ಫೋನ್ ಹಚ್ಚುತ್ತೇವೆ.

ಫ್ಲೈ ಎಂದು ಬರೆಯಲು ಹೊರಟಾಗಲೇ ಮೊದಲ ಅಕ್ಷರ ತಕರಾರು ತೆಗೆಯುತ್ತದೆ. ಹಲ್ಲು ತುಟಿಗೆ ತಾಗಿ ಹೊರಡುವ ಆ ಧ್ವನಿ ಕನ್ನಡದ ಮೂಲ ವರ್ಣಮಾಲೆಯಲ್ಲಿಲ್ಲ. ನಮ್ಮ ಫ ಮಹಾಪ್ರಾಣ, ಫಲ ಎನ್ನುವಾಗಿನದು. ಬೇರೆಯೆಂದು ತೋರಿಸಲು ಕೆಳಗೆ ಎರಡು ಚುಕ್ಕೆಯಿಟ್ಟು ಫ಼ ಎಂದು ಬರೆಯುವ ಪದ್ಧತಿ ಬಂತು. ಪತ್ರಿಕೆಗಳಲ್ಲಿ ಆ ಚುಕ್ಕೆ ಕಾಣುವುದು ಅಪರೂಪ. ತಾಳವಾಡಿಯ ಮಕ್ಕಳು ಇದೇ ಸಮಸ್ಯೆಗೆ ಇನ್ನೊಂದು ಪರಿಹಾರವನ್ನೂ ದಿನವೂ ನೋಡುತ್ತಾರೆ. ತಮಿಳಿನಲ್ಲಿ ‘ಆಯ್ದಂ’ ಎಂಬ ಮೂರು ಚುಕ್ಕೆಯ ಹಳೆಯ ಅಕ್ಷರವಿದೆ. ಅದನ್ನು ಪ ಅಕ್ಷರದ ಮುಂದಿಟ್ಟು ಈ ಧ್ವನಿಯನ್ನು ಸೂಚಿಸುತ್ತಾರೆ. ಒಂದೇ ಧ್ವನಿಗೆ ಕನ್ನಡದಲ್ಲಿ ಅಕ್ಷರದ ಕೆಳಗೆ ಎರಡು ಚುಕ್ಕೆ, ತಮಿಳಿನಲ್ಲಿ ಅಕ್ಷರದ ಮುಂದೆ ಮೂರು ಚುಕ್ಕೆ.

ಇಲ್ಲಿಯೇ ಒಂದು ನಿಜ ಸಂಗತಿ ಹೇಳಬೇಕು. ಕಂಪ್ಯೂಟರಿನಲ್ಲಿ ಪ್ರಪಂಚದ ಲಿಪಿಗಳಿಗೆಲ್ಲ ನೆಲೆ ಕೊಡುವ ಯೂನಿಕೋಡ್ ಪಟ್ಟಿಯಲ್ಲಿ ‘ಕನ್ನಡ ಲೆಟರ್ ಫಾ’ ಎಂಬ ಹೆಸರಿನ ಅಕ್ಷರವೊಂದಿದೆ. ಫ್ಲೈಗೆ ಬೇಕಾದ ಅಕ್ಷರ ಸಿಕ್ಕಿತು ಎಂದುಕೊಂಡು ತೆರೆದು ನೋಡಿದರೆ ಅಲ್ಲಿರುವುದು ೞ. ಹಳಗನ್ನಡದ ರಳ. ಹೆಸರು ಕೊಡುವಾಗ ತಪ್ಪಾಯಿತು. ಒಮ್ಮೆ ಕೊಟ್ಟ ಹೆಸರನ್ನು ಬದಲಿಸುವಂತಿಲ್ಲ ಎಂಬುದು ಯೂನಿಕೋಡಿನ ನಿಯಮವಾದ್ದರಿಂದ ತಪ್ಪು ಹಾಗೆಯೇ ಉಳಿದು, ಪಕ್ಕದಲ್ಲೊಂದು ತಿದ್ದುಪಡಿಯ ಟಿಪ್ಪಣಿ ಸೇರಿತು. 13ನೇ ಶತಮಾನದ ಕೇಶಿರಾಜ ತನ್ನ ‘ಶಬ್ದಮಣಿದರ್ಪಣ’ದಲ್ಲಿ ಈ ಅಕ್ಷರ ಬರುವ ಪದಗಳನ್ನು ಪಟ್ಟಿ ಮಾಡಿ ಕಾಪಾಡಲು ಹೊರಟದ್ದು, ಅವನ ಕಾಲಕ್ಕಾಗಲೇ ಜನರ ಬಾಯಲ್ಲಿ ಅದು ಳ ಆಗಿಬಿಟ್ಟಿದ್ದರಿಂದ.

ಕಾಡುಕೋಳಿಗೂ ಇದಕ್ಕೂ ಏನು ಸಂಬಂಧ? ಕೋಳಿ ಎಂಬ ಪದದ ಹಳೆಯ ರೂಪವೇ ಕೋೞಿ. ತಮಿಳು ಆ ಧ್ವನಿಯನ್ನು ಇಂದಿಗೂ ಉಳಿಸಿಕೊಂಡಿದೆ; ಅಲ್ಲಿ ಹಕ್ಕಿಯ ಹೆಸರು ಕಾಟ್ಟುಕ್ಕೋೞಿ. ಇಂಗ್ಲಿಷಿನಲ್ಲಿ ಬರೆಯುವ ತಮಿಳರು ಅದಕ್ಕೆ ಜ಼ಡ್ ಮತ್ತು ಎಚ್ ಎಂಬ ಎರಡು ಅಕ್ಷರ ಜೋಡಿಸುತ್ತಾರೆ, ಗೊತ್ತಿಲ್ಲದವರು ಅದನ್ನು ಕೋಜ಼ಿ ಎಂದು ಓದುತ್ತಾರೆ. ಕಾಡಿನ ಹಾದಿಯಲ್ಲಿ ತಲೆತಗ್ಗಿಸಿ ಕಾಳು ಹೆಕ್ಕುವ ಒಂದೇ ಹಕ್ಕಿಗೆ ಒಂದೇ ಸಂತೆಯಲ್ಲಿ ಎರಡು ಉಚ್ಚಾರ. ಎರಡೂ ಒಂದೇ ಬೇರಿನವು, ಎರಡೂ ಸರಿ.

ಆ ಹಕ್ಕಿಯ ಇಂಗ್ಲಿಷ್ ಹೆಸರಿಗಂತೂ ಪಾಠಾಂತರಗಳು ಸಾಲು ಸಾಲು. ಬೂದು ಎನ್ನುವುದಕ್ಕೆ ಬ್ರಿಟಿಷರದು ಇ ಅಕ್ಷರದ ಗ್ರೇ, ಅಮೆರಿಕನ್ನರದು ಎ ಅಕ್ಷರದ ಗ್ರೇ. ಜಂಗಲ್ ಮತ್ತು ಫೌಲ್ ಕೂಡಿಸಬೇಕೋ, ಬಿಡಿಸಬೇಕೋ, ನಡುವೆ ಗೀಟು ಹಾಕಬೇಕೋ ಎಂಬುದು ಇನ್ನೊಂದು ವಾದ. ಈ ಎ-ಇ ಜಗಳ ಫ್ಲೈ ಕಟ್ಟುವವರ ಮೇಜಿಗೂ ಬಂದಿದೆ. ಅಮೆರಿಕದ ಮೇನ್ ರಾಜ್ಯದಲ್ಲಿ ಹೆಂಗಸರ ಟೋಪಿ ತಯಾರಿಸುತ್ತಿದ್ದ ಕ್ಯಾರಿ ಸ್ಟೀವನ್ಸ್ ಕಟ್ಟಿದ ಮರಿಮೀನಿನಾಕಾರದ ಫ್ಲೈಗೆ ‘ಗ್ರೇ ಗೋಸ್ಟ್’ ಎಂದು ಹೆಸರು. ಅದರ ಕೆನ್ನೆಗೆ ಇಟ್ಟದ್ದು ಕಾಡುಕೋಳಿಯದೇ ಗರಿ, ಕಣ್ಣಿನಂತೆ ಹೊಳೆಯಲೆಂದು. ಆಕೆ ಅಮೆರಿಕದವಳಾದ್ದರಿಂದ ಮೂಲ ಹೆಸರಿನಲ್ಲಿ ಇರುವುದು ಎ. ಬ್ರಿಟನ್ನಿನಲ್ಲಿ ಅದೇ ಫ್ಲೈಯನ್ನು ಇ ಹಾಕಿ ಬರೆದದ್ದು ಸಿಗುತ್ತದೆ. ವ್ಯಕ್ತಿಯೊಬ್ಬರು ಇಟ್ಟ ಹೆಸರನ್ನು ಅವರು ಬರೆದಂತೆಯೇ ಬರೆಯಬೇಕೆಂಬುದು ನ್ಯಾಯವಾದ ಮಾತು. ಊರು ಬದಲಾದರೆ ಹೆಸರಿನ ಅಕ್ಷರ ಬದಲಾಗಬಾರದು. ಕನ್ನಡದಲ್ಲಿ ಎರಡೂ ಗ್ರೇ ಒಂದೇ ಆಗಿ ಬರುವುದರಿಂದ ನಮ್ಮ ಬರಹಗಾರರು ಈ ಒಂದು ಕಷ್ಟದಿಂದ ಪಾರು.

ಇನ್ನೊಂದು ಪ್ರಸಿದ್ಧ ಹೆಸರು ‘ವುಲ್ಲಿ ಬಗ್ಗರ್’. ಪೆನ್ಸಿಲ್ವೇನಿಯಾದ ರಸೆಲ್ ಬ್ಲೆಸಿಂಗ್ 1967ರಲ್ಲಿ ಕಟ್ಟಿದ್ದು, ಅದಕ್ಕಿಂತ ಹಳೆಯದಾದ ‘ವುಲ್ಲಿ ವರ್ಮ್’ ಎಂಬ ಫ್ಲೈಗೆ ಬಾಲ ಸೇರಿಸಿದ ಹಾಗಿರುತ್ತದೆ. ಉಣ್ಣೆಯಂತಹ ಎಂಬ ಆ ವಿಶೇಷಣಕ್ಕೆ ಒಂದು ಎಲ್ ಸಾಕೋ ಎರಡು ಬೇಕೋ ಎಂದು ಪುಸ್ತಕದಿಂದ ಪುಸ್ತಕಕ್ಕೆ ಭಿನ್ನಮತ. ವುಲ್ಲಿ ವರ್ಮ್ ಮಾಡುವ ಬಗೆ ಹೀಗೆ: ಕೊಕ್ಕೆಯ ಉದ್ದಕ್ಕೂ ನೂಲು ಸುತ್ತಿ, ಅದರ ಮೇಲೆ ಕೋಳಿಯ ಕತ್ತಿನ ಗರಿಯನ್ನು ತಿರುಪಿನಂತೆ ಸುತ್ತುತ್ತ ಹೋದರೆ ಎಳೆಗಳು ಸುತ್ತಲೂ ಕೆದರಿ ನಿಲ್ಲುತ್ತವೆ. ತಾಳವಾಡಿಯ ಯಾವ ರೈತನಿಗೆ ತೋರಿಸಿದರೂ ಅವನು ಹೇಳುವ ಹೆಸರು ಒಂದೇ, ಕಂಬಳಿಹುಳು. ಉಣ್ಣೆಯ ಹೊದಿಕೆ ಹೊದ್ದ ಹುಳು ಎಂದು ಇಂಗ್ಲಿಷಿನವರು ಕಂಡದ್ದನ್ನೇ ಕನ್ನಡದವರು ತಾವಾಗಿ ಕಂಡಿದ್ದಾರೆ, ಕಾಗುಣಿತದ ಕಲಹವಿಲ್ಲದೆ ಹೆಸರಿಟ್ಟಿದ್ದಾರೆ. ಇಂತಹ ಪದ ಕೈಯಲ್ಲಿರುವಾಗ ವುಲ್ಲಿ ವರ್ಮ್ ಎಂದು ಬರೆಯುವುದು ಮನೆಯಲ್ಲಿ ರಾಗಿ ಇಟ್ಟುಕೊಂಡು ಸಾಲಕ್ಕೆ ಹೋದಂತೆ.

ಎರೆ ಎಂಬುದೂ ಅಂಥದೇ ಪದ. ಗಾಳಕ್ಕೆ ಚುಚ್ಚುವ ಆಹಾರ ಎರೆ. ಅದಕ್ಕೆ ಒದಗುವ ಹುಳು ಎರೆಹುಳು. ರೈತಮಿತ್ರನೆಂದು ಪಾಠಪುಸ್ತಕದಲ್ಲಿ ಬರುವ ಜೀವಿಯ ಹೆಸರಿನಲ್ಲಿ ಮೀನು ಹಿಡಿಯುವವರ ಕಸುಬು ಅಡಗಿದೆ. ತಮಿಳಿನಲ್ಲಿ ಇದೇ ಪದ ಇರೈ. ಗಡಿಯ ಈಚೆ ಎ, ಆಚೆ ಇ.

ಕನ್ನಡ ಪತ್ರಿಕೆಗಳು ನಿಜಕ್ಕೂ ಎಡವುವುದು ‘ಆ್ಯಂಗ್ಲರ್’ ಎಂಬ ಪದದಲ್ಲಿ. ಗಾಳ ಹಾಕುವವರಿಗೆ ಇಂಗ್ಲಿಷಿನ ಹೆಸರು ಅದು. ಬಾಯಿ ಅಗಲಿಸಿ ಹೇಳುವ ಆ ಸ್ವರಕ್ಕೆ ಕನ್ನಡದಲ್ಲಿ ಅಕ್ಷರವಿಲ್ಲದೆ, ‘ಆ’ ಅಕ್ಷರಕ್ಕೆ ಯ ಒತ್ತು ಕೊಡುವ ಪದ್ಧತಿ ಹುಟ್ಟಿತು. ಸ್ವರಕ್ಕೆ ವ್ಯಂಜನದ ಒತ್ತು ಹೇಗೆ ಎಂದು ವೈಯಾಕರಣರು ಕೇಳುತ್ತಾರೆ, ಅವರ ಪ್ರಶ್ನೆ ಸರಿಯಾದದ್ದೇ. ಒತ್ತು ಬೇಡವೆಂದು ಬಿಟ್ಟರೆ ಉಳಿಯುವುದು ‘ಆಂಗ್ಲರ್’. ಕಾವೇರಿಯ ದಡದಲ್ಲಿ ಆಂಗ್ಲರು ಸೇರಿದ್ದರು ಎಂದು ಓದಿದ ಕನ್ನಡಿಗ ಬ್ರಿಟಿಷರು ಬಂದಿದ್ದರು ಎಂದೇ ತಿಳಿಯುತ್ತಾನೆ. ಆಂಗ್ಲರ ಹೆಸರಿಗೆ ಮೂಲವಾದ ಪ್ರದೇಶದ ಹೆಸರೂ ಮೀನಿನ ಕೊಕ್ಕೆಯ ಹೆಸರೂ ಒಂದೇ ಬೇರಿನಿಂದ ಬಂದಿರಬಹುದು ಎಂಬ ವಾದ ಭಾಷಾಶಾಸ್ತ್ರಜ್ಞರಲ್ಲಿದೆ. ಅದು ಸ್ವಾರಸ್ಯದ ಮಾತು, ಆದರೆ ಸುದ್ದಿ ಓದುವವರಿಗೆ ಅದರಿಂದ ಸಹಾಯವಿಲ್ಲ. ಗಾಳ ಹಾಕುವವರು ಎಂದರೆ ಮುಗಿಯಿತು.

ಅಕ್ಷರ ಬದಲಾದರೆ ಗುರುತೇ ಬದಲಾಗುತ್ತದೆ ಎಂಬುದನ್ನು ತಾಳವಾಡಿಯವರಿಗೆ ಬಿಡಿಸಿ ಹೇಳಬೇಕಿಲ್ಲ. ಅವರ ಊರಿನ ಹೆಸರನ್ನೇ ಇಂಗ್ಲಿಷಿನಲ್ಲಿ ಕನ್ನಡ ರೂಢಿಯವರು ಬರಿಯ ಟಿ ಹಾಕಿ ಬರೆಯುತ್ತಾರೆ, ತಮಿಳು ರೂಢಿಯವರು ಟಿ ಪಕ್ಕದಲ್ಲಿ ಎಚ್ ಸೇರಿಸುತ್ತಾರೆ. ತಮಿಳು ಲಿಪಿಯಲ್ಲಿ ದ ಮತ್ತು ತ ಎರಡಕ್ಕೂ ಒಂದೇ ಅಕ್ಷರವಾದ್ದರಿಂದ, ಪಕ್ಕದ ನೀಲಗಿರಿಯ 2,637 ಮೀಟರ್ ಎತ್ತರದ ದೊಡ್ಡಬೆಟ್ಟ ತಮಿಳಿನ ಫಲಕದಲ್ಲಿ ತೊಟ್ಟಬೆಟ್ಟವೆಂದು ಓದಿಸಿಕೊಳ್ಳುತ್ತದೆ. ದೊಡ್ಡದು ಎಂಬ ಅರ್ಥ ಅಲ್ಲಿಗೆ ಹೋಯಿತು. ತಾಳವಾಡಿ ಬೆಟ್ಟಗಳ ಮೂಲನಿವಾಸಿಗಳು ಕರ್ನಾಟಕದ ದಾಖಲೆಯಲ್ಲಿ ಸೋಲಿಗರು, ತಮಿಳುನಾಡಿನ ಪರಿಶಿಷ್ಟ ಪಂಗಡಗಳ ಪಟ್ಟಿಯಲ್ಲಿ ಷೋಲಗರು. ಇದೇ ಕಾಡಿನ ಕಥೆ ಹೇಳುವ ಸ. ಬಾಲಮುರುಗನ್ ಅವರ 2004ರ ತಮಿಳು ಕಾದಂಬರಿಯ ಹೆಸರು ‘ಸೋಳಗರ್ ತೊಟ್ಟಿ’, ಅಲ್ಲಿ ಲ ಹೋಗಿ ಳ ಬಂದಿದೆ. ಒಂದೇ ಜನ, ಮೂರು ಕಾಗುಣಿತ. 2020ರಲ್ಲಿ ತಮಿಳುನಾಡು ಸರ್ಕಾರ 1,018 ಊರುಗಳ ಇಂಗ್ಲಿಷ್ ಕಾಗುಣಿತವನ್ನು ತಮಿಳು ಉಚ್ಚಾರಕ್ಕೆ ಹೊಂದಿಸಿ ಬದಲಿಸಿತು. ಕೊಯಮತ್ತೂರಿನ ಹೊಸ ಅಕ್ಷರಗಳ ಸಾಲು ಕಂಡು ಜನ ಗಾಬರಿಯಾದರು, ಕೆಲವೇ ದಿನಗಳಲ್ಲಿ ಆದೇಶ ಹಿಂದಕ್ಕೆ ಹೋಯಿತು. ಬಾಯಿಗೆ ಹತ್ತಿರವಾಗಿ ಬರೆಯಬೇಕೆಂಬ ಉದ್ದೇಶ ಸಾಧುವಾದದ್ದು. ಆದರೆ ಕಣ್ಣಿಗೆ ರೂಢಿಯಾದ ರೂಪವನ್ನು ಒಂದು ಸಹಿಯಿಂದ ಕೀಳಲಾಗದು.

ಗಾಳದವರ ಲೋಕದಲ್ಲಿ ಅತಿ ಹೆಚ್ಚು ಬಗೆಯಲ್ಲಿ ಬರೆಸಿಕೊಂಡ ಪದ ಬಹುಶಃ ಮೀನಿನ ಹೆಸರೇ: ಮಹಶೀರ್. ದಕ್ಷಿಣ ಕನ್ನಡದಲ್ಲಿ ಅಧಿಕಾರಿಯಾಗಿದ್ದ ಹೆನ್ರಿ ಸಲಿವನ್ ಥಾಮಸ್ ಬರೆದು 1873ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ‘ದಿ ರಾಡ್ ಇನ್ ಇಂಡಿಯಾ’ ಈ ಮೀನನ್ನು ಗಾಳದವರ ನಡುವೆ ಹೆಸರುವಾಸಿ ಮಾಡಿತು. 1886ರ ‘ಹಾಬ್ಸನ್ ಜಾಬ್ಸನ್’ ನಿಘಂಟು ಈ ಪದಕ್ಕೆ ಒಂದಕ್ಕಿಂತ ಹೆಚ್ಚು ಕಾಗುಣಿತಗಳನ್ನು ತಲೆಬರಹದಲ್ಲೇ ಕೊಡುತ್ತದೆ. ಮೂಲದ ಬಗ್ಗೆಯೂ ಒಮ್ಮತವಿಲ್ಲ. ದೊಡ್ಡ ತಲೆಯದು, ಮಹಾಶಿರ ಎಂದು ಒಬ್ಬರು. ದೊಡ್ಡ ಹುರುಪೆಯದು, ಮಹಾಶಲ್ಕ ಎಂದು ಇನ್ನೊಬ್ಬರು. ಪಾರಸಿಯ ಮಾಹಿ-ಶೇರ್, ಅಂದರೆ ಮೀನುಗಳಲ್ಲಿ ಸಿಂಹ ಎಂದು ಮತ್ತೊಬ್ಬರು. ಕನ್ನಡದಲ್ಲಿ ಮಹಶೀರ್, ಮಹಸೀರ್, ಮಾಶೀರ್ ಮೂರೂ ಕಾಣಸಿಗುತ್ತವೆ. ಕಾವೇರಿಯ ಮೀನುಗಾರರು ಈ ಮೂರನ್ನೂ ಬಳಸುತ್ತಿರಲಿಲ್ಲ. ಅವರಿಗೆ ಅದು ಬಿಳಿಮೀನು.

ಮೈಸೂರಿನ ಪ್ರಸಿದ್ಧ ವ್ಯಾನ್ ಇಂಗೆನ್ ಮನೆತನದ ಡಿ ವೆಟ್ ವ್ಯಾನ್ ಇಂಗೆನ್ 1946ರಲ್ಲಿ ಹಿಡಿದ 120 ಪೌಂಡಿನ ಮೀನು ದಾಖಲೆಯಾಗಿ ಉಳಿದಿದೆ. ಇಷ್ಟು ಪ್ರಸಿದ್ಧವಾದ, ಬೆನ್ನು ಗೂನಾದ ಈ ಕಾವೇರಿ ಮಹಶೀರ್‌ಗೆ 2018ರವರೆಗೆ ಖಚಿತವಾದ ವೈಜ್ಞಾನಿಕ ಹೆಸರಿರಲಿಲ್ಲ. ಆ ವರ್ಷ ಸಂಶೋಧಕರು, ಕೇರಳದ ಪಾಂಬಾರ್ ನದಿಯಿಂದ ಮೊದಲೇ ವರ್ಣಿಸಲಾಗಿದ್ದ ‘ಟೋರ್ ರೆಮಾದೇವಿಐ’ ಪ್ರಭೇದವೇ ಇದು ಎಂದು ತೋರಿಸಿದರು. ಅದೇ ವರ್ಷ ಅದು ಅಳಿವಿನ ಅತಿ ಗಂಭೀರ ಅಪಾಯದಲ್ಲಿರುವ ಜೀವಿಗಳ ಕೆಂಪುಪಟ್ಟಿ ಸೇರಿತು. ಕಾಗುಣಿತದ ಪ್ರಶ್ನೆ ಇಲ್ಲಿಯೂ ಬಿಡಲಿಲ್ಲ. ಹೆಸರು ಕೆ. ರೆಮಾ ದೇವಿ ಎಂಬ ವಿಜ್ಞಾನಿಯ ಗೌರವಾರ್ಥ ಇಟ್ಟದ್ದು. ಲ್ಯಾಟಿನ್ನಿನಲ್ಲಿ ಹೆಣ್ಣಿನ ಹೆಸರಿಗೆ ಎ-ಇ ಎಂದು ಕೊನೆಯಾಗಬೇಕು. ಇಲ್ಲಿ ಕೊನೆಯಲ್ಲಿರುವುದು ಗಂಡಿನ ಹೆಸರಿಗೆ ಸಲ್ಲುವ ಐ. ಹಾಗಿದ್ದರೂ ಮೊದಲು ಅಚ್ಚಾದ ರೂಪವೇ ಬಳಕೆಯಲ್ಲಿದೆ. ನದಿಯ ಹೆಸರಿಗೂ ಇದೇ ಪಾಡು. ತಾಳವಾಡಿ ಪ್ರಸ್ಥಭೂಮಿಯ ದಕ್ಷಿಣಕ್ಕೆ ಆಳವಾದ ಕಮರಿಯಲ್ಲಿ ಹರಿಯುವ ಮೋಯಾರ್, ಭವಾನಿಯ ಮೂಲಕ ಕಾವೇರಿಯನ್ನು ಸೇರುವ ನದಿ. ಅದನ್ನೂ ಕೆಲವರು ಮೋಯಾರ್ ಎಂದರೆ ಕೆಲವರು ಮಾಯಾರ್ ಎನ್ನುತ್ತಾರೆ.

ಗಾಳ ಹಾಕುವುದನ್ನು ಹವ್ಯಾಸವಾಗಿ ಕಂಡು ಅದರ ಬಗ್ಗೆ ಬರೆಯುವುದು ಬ್ರಿಟಿಷರಿಂದ ಬಂದದ್ದೆಂದು ಭಾವಿಸುವವರು ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರನನ್ನು ನೆನೆಯಬೇಕು. 12ನೇ ಶತಮಾನದಲ್ಲಿ ಅವನು ಸಂಸ್ಕೃತದಲ್ಲಿ ಬರೆದ ‘ಮಾನಸೋಲ್ಲಾಸ’ದಲ್ಲಿ ಮತ್ಸ್ಯವಿನೋದ ಎಂಬ ಭಾಗವೇ ಇದೆ. ಯಾವ ಮೀನಿಗೆ ಯಾವ ಎರೆ ಎಂಬ ವಿವರ ಅಲ್ಲಿದೆ. ಭಾರತೀಯ ಪ್ರಾಣಿ ಸರ್ವೇಕ್ಷಣೆಯ ಸುಂದರಲಾಲ್ ಹೋರಾ 1951ರಲ್ಲಿ ಆ ಭಾಗವನ್ನು ವಿವರಿಸಿ ಪ್ರಬಂಧ ಬರೆದರು. ಅಲ್ಲಿಯ ಮೀನಿನ ಹೆಸರುಗಳಲ್ಲಿ ಯಾವುದು ಇಂದಿನ ಯಾವ ಮೀನು ಎಂದು ಹೊಂದಿಸುವ ಕೆಲಸ ವಿದ್ವಾಂಸರಿಗೆ ಸುಲಭವಾಗಲಿಲ್ಲ. ದಡದಲ್ಲಿ ನಿಂತವರು ಕರೆದ ಹೆಸರು ಲಿಪಿಗೆ ಹತ್ತುವಾಗ ಒಂದಕ್ಷರ ಸರಿದರೂ 800 ವರ್ಷಗಳ ನಂತರ ಮೀನೇ ಕೈಜಾರುತ್ತದೆ.

ಈಗ ಗರಿಗೆ ಮರಳೋಣ. ತಾಳವಾಡಿ ಸುತ್ತಲ ಕಾಡು 2013ರಿಂದ ಸತ್ಯಮಂಗಲ ಹುಲಿ ಮೀಸಲು ಪ್ರದೇಶ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಕಾಡುಕೋಳಿಯನ್ನು ಬೇಟೆಯಾಡುವುದು ಅಪರಾಧ. ಗರಿಯ ರಫ್ತು ನಿಂತ ಮೇಲೆ ಬ್ರಿಟನ್ನಿನ ಹವ್ಯಾಸಿಗಳು ಈ ಕೋಳಿಯನ್ನು ತಮ್ಮಲ್ಲೇ ಸಾಕಿ ಗರಿ ಪಡೆಯಲು ಕಲಿತರು. ಬಣ್ಣ ಬಳಿದ ಪ್ಲಾಸ್ಟಿಕ್ ಬದಲಿಗಳೂ ಬಂದವು. ಕಾಡನ್ನೇ ಕಾಣದ, ಗೂಡಿನಲ್ಲಿ ಮೊಟ್ಟೆಯೊಡೆದು ಬಂದ ಹುಂಜದ ಗರಿಗೂ ಅಂಗಡಿಯ ಚೀಟಿಯಲ್ಲಿ ಇರುವ ಹೆಸರು ಜಂಗಲ್ ಕಾಕ್. ಅದನ್ನು ಕನ್ನಡಕ್ಕೆ ತರುವವರು ಕೆಲವೊಮ್ಮೆ ‘ಜಂಗಲ್ ಕಾಕ್’ ಎಂದೇ ಇಳಿಸಿ, ಕಾಕ್ ಎಂಬುದನ್ನು ಕಾಗೆಯೆಂದು ಓದುವಂತೆ ಮಾಡುತ್ತಾರೆ. ಹಾಸನೂರಿನ ಪೊದೆಯಂಚಿನಲ್ಲಿ ಕೂಗುವ ಹಕ್ಕಿಗೆ ಅಲ್ಲಿಯ ಜನ ಇಟ್ಟ ಹೆಸರು ಕಾಡುಕೋಳಿ. ಅದೊಂದು ಸಮಾಸಪದ, ಕೂಡಿಸಿಯೇ ಬರೆಯಬೇಕು, ನಡುವೆ ಜಾಗ ಬಿಡಬಾರದು.